ಕ್ಷಯರೋಗ: ರೋಗಿ ಬಂದ ಬಾಗಿಲಲ್ಲೇ ಚಿಕಿತ್ಸೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ಷಯರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಕ್ ಜಗತ್ತಿಗೆ ತೋರಿಸಿದ್ದು 1882ರಲ್ಲಿ. ಅದನ್ನು ವಾಸಿಮಾಡುವ ಔಷಧಗಳು ಬಂದು ಏಳು ದಶಕಗಳ ಮೇಲಾಯಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರ ಒಂದೇ ವರ್ಷದಲ್ಲಿ ಸುಮಾರು 1 ಕೋಟಿ 8 ಲಕ್ಷ ಜನ ಈ ಕಾಯಿಲೆಗೆ ತುತ್ತಾದರು, ಹನ್ನೆರಡೂವರೆ ಲಕ್ಷ ಜನ ತೀರಿಕೊಂಡರು. ರೋಗಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ ಭಾರತದವರು. ಸಿರಿವಂತ ದೇಶಗಳಲ್ಲಿ ಅಪರೂಪವಾಗಿರುವ ಈ ರೋಗ ಬಡವರ ಮನೆಗಳಲ್ಲಿ ಮಾತ್ರ ಬೀಡುಬಿಟ್ಟಿರುವುದೇಕೆ?

ಬಡವರಿಗೆ ತಿಳಿವಳಿಕೆ ಸಾಲದು ಎಂಬುದು ಎಲ್ಲರ ಬಾಯಲ್ಲೂ ಬರುವ ಉತ್ತರ. ಅದು ತಪ್ಪೆಂದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ನಮ್ಮ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅರವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹುತೇಕ ರೋಗಿಗಳಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆಗಾಗಿ ಹೋಗಿಯೂ ಇದ್ದರು. ಹೋದವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ಜನ ಬಾಗಿಲಿಗೆ ಬಂದಿದ್ದರು, ಕಫ ಪರೀಕ್ಷೆ ಮಾಡುವವರಿರಲಿಲ್ಲ. ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷೆ, ಮನೆಯಲ್ಲೇ ಔಷಧ ಎಂಬ ರಾಷ್ಟ್ರೀಯ ಕಾರ್ಯಕ್ರಮದ ತಳಹದಿಗೆ ಈ ಸಂಸ್ಥೆಯ ಕೆಲಸವೂ ಆಧಾರವಾಯಿತೆಂಬುದು ಬೆಂಗಳೂರಿಗರಾದ ನಾವು ಹೆಮ್ಮೆಪಡಬೇಕಾದ ಸಂಗತಿ.

ಇಂದು ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಆದರೆ ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಸರ್ಜಾಪುರ ರಸ್ತೆಯ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದವನ ದಿನವನ್ನು ಗಮನಿಸಿ. ಆಸ್ಪತ್ರೆ ತೆರೆದಿರುವ ಹೊತ್ತೇ ಅವನ ಕೆಲಸದ ಹೊತ್ತು. ಹೋದರೆ ಅಂದಿನ ಕೂಲಿ ಇಲ್ಲ. ಕಾಯಿಲೆ ಹೇಳಿಕೊಂಡರೆ ಮೇಸ್ತ್ರಿ ಶೆಡ್ ಬಿಡಿಸಿಯಾನು ಎಂಬ ಅಳುಕು. ಮಾತ್ರೆ ಶುರುವಾಗಿ ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗುತ್ತದೆ, ಚಿಕಿತ್ಸೆ ಮಾತ್ರ ಸಾಮಾನ್ಯವಾಗಿ ಆರು ತಿಂಗಳು ನಡೆಯಬೇಕು. ಅಷ್ಟರೊಳಗೆ ಕಟ್ಟಡ ಮುಗಿದು, ಸಂಸಾರ ಗಂಟುಮೂಟೆ ಕಟ್ಟಿ ಇನ್ನೊಂದು ಬಡಾವಣೆಗೆ ಹೊರಟಿರುತ್ತದೆ. ಇಂಥವನನ್ನು ಚಿಕಿತ್ಸೆ ಬಿಟ್ಟವನೆಂದು ದೂರುವುದು ನನಗೆ ಅನ್ಯಾಯವೆನಿಸುತ್ತದೆ.

ಊಟದ ಪ್ರಶ್ನೆ ಇನ್ನೂ ಆಳದ್ದು. ಅರೆಹೊಟ್ಟೆಯ ದೇಹದಲ್ಲಿ ಕ್ಷಯ ಬಲುಬೇಗ ತಲೆಯೆತ್ತುತ್ತದೆ. ಜಾರ್ಖಂಡಿನಲ್ಲಿ ರೋಗಿಗಳ ಮನೆಯವರಿಗೆ ತಲಾ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆಕಾಳು ಮತ್ತು ಪೋಷಕಾಂಶದ ಮಾತ್ರೆ ಕೊಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇಕಡ 40ರಷ್ಟು ತಗ್ಗಿತು. ರೋಗಿಯ ಊಟಕ್ಕೆಂದು ಕೇಂದ್ರ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಒಳ್ಳೆಯದೇ. ಆದರೆ ಒಬ್ಬನ ಹೆಸರಿಗೆ ಬಂದ ದುಡ್ಡಿನಲ್ಲಿ ಐವರ ತಟ್ಟೆ ತುಂಬಬೇಕಾಗುತ್ತದೆ.

ಆದ್ದರಿಂದ ನಗರದಲ್ಲಿ ಮೊದಲು ಆಗಬೇಕಾದದ್ದು ಇಷ್ಟು: ಕೂಲಿ ಮುಗಿದ ಮೇಲೂ ತೆರೆದಿರುವ ಕ್ಲಿನಿಕ್‌ಗಳು, ಶೆಡ್ಡುಗಳ ಬಳಿಗೇ ಬರುವ ಕಫ ಪರೀಕ್ಷೆ, ಊರು ಬದಲಿಸಿದರೂ ತಪ್ಪದೆ ಸಿಗುವ ಮಾತ್ರೆ, ಮತ್ತು ಚಿಕಿತ್ಸೆ ಮುಗಿಯುವವರೆಗೆ ಇಡೀ ಮನೆಗೆ ಅಕ್ಕಿ, ಬೇಳೆ.