ತಲೆಯ ಅಳತೆಯಿಂದ ಎತ್ತರದ ಅಂದಾಜು

ಕೇಳುಗರಿಗೆ ನಮಸ್ಕಾರ.

ಸ್ಫೋಟದಲ್ಲೋ ಅಪಘಾತದಲ್ಲೋ ಛಿದ್ರವಾದ ದೇಹದ ತಲೆಭಾಗ ಮಾತ್ರ ಸಿಕ್ಕಿದೆ ಎನ್ನಿ. ಆ ವ್ಯಕ್ತಿ ಎಷ್ಟೆತ್ತರ ಇದ್ದಿರಬಹುದು? ತೊಡೆಮೂಳೆ ಸಿಕ್ಕಿದ್ದರೆ ತಲೆಯ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಕಾಲಿನ ಮೂಳೆ ಎತ್ತರದ ಒಂದು ಪಾಲೇ. ತಲೆ ಹಾಗಲ್ಲ, ಆರು ವರ್ಷಕ್ಕೇ ಮಿದುಳು ತನ್ನ ಪೂರ್ಣ ಗಾತ್ರದ ಶೇಕಡಾ 90ರಷ್ಟನ್ನು ಮುಟ್ಟಿರುತ್ತದೆ, ಕಾಲುಗಳು ಆಮೇಲೂ ವರ್ಷಗಟ್ಟಲೆ ಬೆಳೆಯುತ್ತವೆ. ಹಾಗಾಗಿ ದೊಡ್ಡವರಿಗೆಂದು ಮಾಡಿದ ಸೂತ್ರವನ್ನು ಮಕ್ಕಳಿಗೆ ಹಚ್ಚುವಂತೆಯೇ ಇಲ್ಲ.

ಅಳೆಯುವುದು ಮುಖ್ಯವಾಗಿ ನಾಲ್ಕು. ತಲೆಯ ಉದ್ದಕ್ಕೆ ಬಾಗಿದ ಕಾಲುಗಳ ಕ್ಯಾಲಿಪರ್, ಅಂದರೆ ಎರಡು ತುದಿಗಳ ನಡುವಿನ ಅಂತರ ಅಳೆಯುವ ಸಾಧನ, ಬೇಕು. ಒಂದು ತುದಿಯನ್ನು ಹುಬ್ಬುಗಳ ನಡುವಿನ ಉಬ್ಬಿಗೆ ಹಿಡಿದು, ಇನ್ನೊಂದನ್ನು ಹಿಂದಲೆಯ ನಡುಗೆರೆಯಲ್ಲಿ ಮೇಲೆ ಕೆಳಗೆ ಆಡಿಸಿ, ಅತಿ ಹೆಚ್ಚು ಬಂದ ಅಂಕಿಯನ್ನು ಬರೆದುಕೊಳ್ಳಬೇಕು. ಅಗಲವನ್ನು ಕಿವಿಗಳ ಮೇಲ್ಭಾಗದಲ್ಲಿ, ಎರಡು ತುದಿಗಳೂ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಂಡು ಅಳೆಯುತ್ತಾರೆ. ಸುತ್ತಳತೆಗೆ ಟೇಪು ಸಾಕು. ಜಡೆ, ಪಿನ್ನು ಇದ್ದರೆ ಮಾತ್ರ ಆ ಅಂಕಿ ಕೆಟ್ಟಿತು.

ನಾಲ್ಕನೆಯದು ಮುಖದ ಎತ್ತರ: ಮೂಗಿನ ಮೂಳೆ ಹಣೆಯ ಮೂಳೆಗೆ ಸೇರುವ ಬಿಂದುವಿನಿಂದ ಗದ್ದದ ಕೆಳತುದಿಯವರೆಗೆ. ಹೊಸಬರು ಎಡವುವುದು ಇಲ್ಲೇ. ಮೂಗಿನ ಬುಡದಲ್ಲಿ ಕಾಣುವ ಗುಳಿಯೇ ಆ ಬಿಂದು ಎಂದುಕೊಳ್ಳುತ್ತಾರೆ. ನಿಜವಾದ ಸಂಧಿ ಸಾಮಾನ್ಯವಾಗಿ ಅದಕ್ಕಿಂತ ತುಸು ಮೇಲಿರುತ್ತದೆ. ಬಾಯಿ ತೆರೆದಿದ್ದರೆ ಮುಖ ಉದ್ದವಾಗುತ್ತದೆ, ಹಲ್ಲು ಬಿದ್ದಿದ್ದರೆ ಗಿಡ್ಡವಾಗುತ್ತದೆ. ಎರಡು ಸಲ ಅಳೆದು, 2 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಮೂರನೆಯ ಸಲವೂ ಅಳೆಯುವುದು ಒಳ್ಳೆಯದು.

ಇನ್ನು ಲೆಕ್ಕ. ‘ಎತ್ತರವೆಂದರೆ ಎಂಟು ತಲೆ’ ಎಂಬ ಹಳೆಯ ಶಿಲ್ಪಿಗಳ ಅಳತೆ ಚಿತ್ರಕ್ಕೆ ಸರಿ, ಇಲ್ಲಿ ಅಪಾಯ. ನೆತ್ತಿಯಿಂದ ಗದ್ದದವರೆಗಿನ ಅಳತೆಯಲ್ಲಿ 1 ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಎತ್ತರದಲ್ಲಿ 8 ಸೆಂಟಿಮೀಟರ್ ಏರುಪೇರು. ಅದಕ್ಕೇ ರಿಗ್ರೆಶನ್ ಸೂತ್ರ, ಅಂದರೆ ಹಲವರ ತಲೆಯನ್ನೂ ಎತ್ತರವನ್ನೂ ಅಳೆದು ಅವೆರಡರ ನಂಟಿನಿಂದ ಕಟ್ಟಿದ ಸೂತ್ರ, ಬಳಸುತ್ತಾರೆ. ಬರೀ ವಿವರಣೆಗೆಂದು ಒಂದು ಸೂತ್ರ ಕಟ್ಟೋಣ: 108ಕ್ಕೆ, ತಲೆಯ ಉದ್ದದ ಮೂರು ಪಟ್ಟನ್ನು ಕೂಡಿಸಿ. ಉದ್ದ 19 ಸೆಂಟಿಮೀಟರ್ ಇದ್ದರೆ ಎತ್ತರ 165. ಅಳತೆ 3 ಮಿಲಿಮೀಟರ್ ತಪ್ಪಿದರೂ ಉತ್ತರ 1 ಸೆಂಟಿಮೀಟರಿನಷ್ಟೂ ಕದಲುವುದಿಲ್ಲ. ಆದರೆ ಇದಕ್ಕೂ ಒಂದು ದೋಷವಿದೆ: ಉತ್ತರವನ್ನು ಸರಾಸರಿಯ ಕಡೆಗೆ ಎಳೆಯುತ್ತದೆ. ತುಂಬ ಎತ್ತರದವರು ಕುಳ್ಳಗಾಗುತ್ತಾರೆ, ಕುಳ್ಳರು ಬೆಳೆಯುತ್ತಾರೆ.

ಇನ್ನೊಂದು ಮೋಸವೂ ಉಂಟು. ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೆ ಹಾಕಿ ಲೆಕ್ಕ ಮಾಡಿದರೆ ತಲೆಗೂ ಎತ್ತರಕ್ಕೂ ನಂಟು ಗಟ್ಟಿಯಾಗಿ ಕಾಣುತ್ತದೆ. ಸರಾಸರಿಯಲ್ಲಿ ಗಂಡಸರ ತಲೆಯೂ ದೊಡ್ಡದು, ಎತ್ತರವೂ ಹೆಚ್ಚು. ಅಷ್ಟೇ ಅದರ ಗುಟ್ಟು. ಬೇರೆ ಬೇರೆ ನೋಡಿದಾಗ ನಂಟು ಸಡಿಲವಾಗುತ್ತದೆ. ಲಿಂಗ ಗೊತ್ತಿದ್ದರೆ ಆಯಾ ಲಿಂಗದ, ಅದೂ ಅದೇ ಜನಸಮುದಾಯದ ಸೂತ್ರವನ್ನೇ ಹಿಡಿಯಬೇಕು.

ಸೂತ್ರದ ಪ್ರಮಾಣಿತ ದೋಷ, ಅಂದರೆ ಅಂದಾಜು ನಿಜವಾದ ಎತ್ತರದಿಂದ ಸಾಮಾನ್ಯವಾಗಿ ಎಷ್ಟು ತಪ್ಪುತ್ತದೆ ಎಂಬ ಅಳತೆ, 6 ಸೆಂಟಿಮೀಟರ್ ಎಂದಿದ್ದರೆ, 165 ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಶೇಕಡಾ 95ರ ಭರವಸೆ ಬೇಕಾದರೆ ಎರಡೂ ಕಡೆ ಸುಮಾರು 12 ಬಿಡಬೇಕು: 153ರಿಂದ 177. ಈ ಅಗಲದ ಬಲೆಯಲ್ಲಿ ಬಹುತೇಕ ಎಲ್ಲರೂ ಬೀಳುತ್ತಾರೆ. ಕಾಣೆಯಾದವರ ಪಟ್ಟಿಯಲ್ಲಿ 190 ಸೆಂಟಿಮೀಟರಿನವರನ್ನು ಕೊನೆಗೆ ತಳ್ಳಬಹುದು, ಪೂರ್ತಿ ಹೊಡೆದುಹಾಕುವುದು ಬೇಡ. ಹಲ್ಲು, ಡಿಎನ್‌ಎ ಪರೀಕ್ಷೆ ಅದನ್ನು ನೋಡಿಕೊಳ್ಳುತ್ತವೆ.

ನಮಸ್ಕಾರ.