ಸತ್ತ ಮೇಲೆ ಪಾಸ್‌ವರ್ಡ್ ಯಾರ ಕೈಗೆ?

ಕೇಳುಗರಿಗೆ ನಮಸ್ಕಾರ.

ಬ್ಯಾಂಕಿನ ಖಾತೆಗೆ ನಾಮಿನಿ ಹಾಕುತ್ತೇವೆ, ವಿಮೆಗೂ ಹಾಕುತ್ತೇವೆ. ಫೋನಿನಲ್ಲಿರುವ ಫೋಟೊ, ಮೇಲ್, ಮೆಸೇಜುಗಳ ಗತಿ? ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಅಪಶಕುನ ಅಲ್ವಾ!

ಜರ್ಮನಿಯಲ್ಲಿ ಒಂದು ಕುಟುಂಬ ಇದಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯಿತು. 2012ರಲ್ಲಿ ಬರ್ಲಿನ್‌ನಲ್ಲಿ 15 ವರ್ಷದ ಹುಡುಗಿಯೊಬ್ಬಳು ಮೆಟ್ರೊ ರೈಲಿಗೆ ಸಿಕ್ಕಿ ತೀರಿಕೊಂಡಳು. ಅಪಘಾತವೋ, ಆತ್ಮಹತ್ಯೆಯೋ? ಅವಳ ಫೇಸ್‌ಬುಕ್ ಮೆಸೇಜುಗಳಲ್ಲಿ ಸುಳಿವು ಸಿಕ್ಕೀತು ಎಂದು ಹೆತ್ತವರಿಗೆ ಆಸೆ. ಪಾಸ್‌ವರ್ಡ್ ತಾಯಿಯ ಬಳಿಯೇ ಇತ್ತು. ಅಷ್ಟರಲ್ಲಿ ಕಂಪನಿ ಆ ಖಾತೆಯನ್ನು ಸತ್ತವರ ಸ್ಮರಣೆಯ ಖಾತೆ ಮಾಡಿ ಬೀಗ ಜಡಿದಿತ್ತು. ಡೈರಿ, ಕಾಗದಗಳು ವಾರಸುದಾರರಿಗೆ ಸೇರುತ್ತವೆ, ಖಾತೆಯೂ ಹಾಗೆಯೇ ಎಂದು 2018ರಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ಕೋರ್ಟ್ ಹೇಳಿತು. ಕಂಪನಿ ಏನು ಮಾಡಿತು ಗೊತ್ತಾ? ಪೆನ್‌ಡ್ರೈವ್‌ನಲ್ಲಿ 14,000ಕ್ಕೂ ಜಾಸ್ತಿ ಪುಟಗಳ ಪಿಡಿಎಫ್ ತುಂಬಿ ಕೊಟ್ಟಿತು. ಹುಡುಕಿಕೊಳ್ಳಿ ಅಂತ! ಇದು ಸಾಲದು, ಹೆತ್ತವರನ್ನು ಖಾತೆಯೊಳಗೇ ಬಿಡಿ ಎಂದು 2020ರಲ್ಲಿ ಕೋರ್ಟ್ ಮತ್ತೆ ಹೇಳಬೇಕಾಯಿತು.

ಹೆತ್ತವರ ಸಂಕಟ ಅರ್ಥವಾಗುತ್ತದೆ. ಆದರೆ ಅವಳಿಗೆ ಗುಟ್ಟು ಬರೆದ ಗೆಳೆಯ ಗೆಳತಿಯರ ಮಾತೂ ಅಲ್ಲಿದ್ದರೆ? ನನಗಂತೂ ಇದು ಕಸಿವಿಸಿಯ ವಿಷಯವೇ.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು. ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಆ ಹಕ್ಕು ಮನುಷ್ಯನ ಜೊತೆಗೇ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ. ತೀರಿಕೊಂಡವರ ಬದುಕನ್ನು ಸಿನಿಮಾ ಮಾಡುವ ಬಗೆಗಿನ ಕೇಸುಗಳಲ್ಲಿ ಮದ್ರಾಸ್, ದೆಹಲಿ ಹೈಕೋರ್ಟುಗಳು ಹಾಗೆಂದಿವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೇ ಸೆಕ್ಷನ್ ಒಂದು ಕಿಂಡಿ ತೆರೆದಿದೆ. ಬದುಕಿರುವಾಗಲೇ ನಾಮಿನಿಯನ್ನು ಹೆಸರಿಸಬಹುದು. ನಾವು ಸತ್ತರೆ, ಇಲ್ಲವೇ ಮೈ ಮನಸ್ಸು ಸ್ವಾಧೀನ ತಪ್ಪಿದರೆ, ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕು ಅವರದಾಗುತ್ತದೆ. ಆದರೆ ಅವರು ಕೇಳಿ ಪಡೆಯಬಹುದಾದದ್ದು ಮಾಹಿತಿಯ ಸಾರಾಂಶ. ಖಾತೆಯ ಕೀಲಿ ಕೊಡಿ ಎಂದು ಕಾಯ್ದೆ ಹೇಳಿಲ್ಲ. ಇನ್ನು ಯಾರನ್ನೂ ಹೆಸರಿಸದೆ ಹೋದವರ ಮನೆಯವರು? ಅವರ ಬಗ್ಗೆ ಕಾಯ್ದೆ ಬಾಯಿಯೇ ಬಿಟ್ಟಿಲ್ಲ. ಉಯಿಲನ್ನೇ ಬರೆಯದ ನಾವು ಇದನ್ನು ಬರೆದಿಡುತ್ತೇವಾ? ದೊಡ್ಡ ಲೋಪ ಇದೇ ಅನಿಸುತ್ತದೆ.

ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಈ ಹಕ್ಕು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬುದಿದೆ. ಇಷ್ಟು ತಿಂಗಳು ಖಾತೆ ಮುಟ್ಟದಿದ್ದರೆ ಇಂಥವರಿಗೆ ತಿಳಿಸು ಎಂದು ಅಲ್ಲಿ ಹೇಳಿಡಬಹುದು. ಹತ್ತು ಜನರವರೆಗೂ ಹೆಸರು ಹಾಕಬಹುದು. ಫೋಟೊ ಮಗಳಿಗೆ, ಮೇಲ್ ಯಾರಿಗೂ ಬೇಡ ಎಂದು ಬೇರೆ ಬೇರೆಯಾಗಿಯೂ ಹಂಚಬಹುದು.