ಬಳೆ ಒಡೆದಿದೆಯಾ, ಮೊದಲು ನೋಡಿ

ಕೇಳುಗರಿಗೆ ನಮಸ್ಕಾರ. ತಲೆಯ ಎಂಆರ್‌ಐ ರಿಪೋರ್ಟಿನಲ್ಲಿ ‘ಗಡ್ಡೆ ಇರಬಹುದು’ ಅಂತ ಓದಿ ನಿದ್ದೆಗೆಟ್ಟ ಮನೆಯವರಿಗೆ ನಾನು ಹೇಳುವುದು ಒಂದೇ ಮಾತು. ಬಳೆ ಪೂರ್ತಿ ಇದೆಯಾ, ಒಡೆದಿದೆಯಾ, ಕೇಳಿ. ಬಳೆ ಅಂದರೆ ಸ್ಕ್ಯಾನಿನಲ್ಲಿ ಕಾಣುವ ಬೆಳ್ಳಗಿನ ಉಂಗುರ.

ಕರೆಂಟ್ ವೈರಿಗೆ ಪ್ಲಾಸ್ಟಿಕ್ ಇದ್ದ ಹಾಗೆ ಮೆದುಳಿನ ನರದ ಎಳೆಗಳಿಗೆ ಮಯಲಿನ್ ಎಂಬ ಹೊದಿಕೆ ಇದೆ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾಯಿಲೆಯಲ್ಲಿ ಅದು ಕಿತ್ತುಹೋಗುತ್ತದೆ. ಸ್ಕ್ಯಾನಿನಲ್ಲಿ ಸಣ್ಣ ಚುಕ್ಕೆಗಳು ಕಾಣುತ್ತವೆ. ಅಪರೂಪಕ್ಕೆ ಒಂದು ಚುಕ್ಕೆ 2 ಸೆಂಟಿಮೀಟರ್ ದಾಟಿ, ಥೇಟ್ ಗಡ್ಡೆಯ ವೇಷ ಹಾಕುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ಟೀಚರಮ್ಮ ಬಂದಿದ್ದರು. ಮೂವತ್ತರ ಆಸುಪಾಸು. ಸೀಮೆಸುಣ್ಣ ಕೈಯಿಂದ ಜಾರಿ ಬೀಳುತ್ತಿತ್ತು. ಬೇರೆ ಕಡೆ ಗಡ್ಡೆ ಅಂದಿದ್ದರು, ಆಪರೇಷನ್‌ಗೆ ದಿನವೂ ಗೊತ್ತಾಗಿತ್ತು. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ತೆಗೆದ ಫಿಲ್ಮನ್ನು ಬೆಳಕಿಗೆ ಹಿಡಿದೆ. ಬೆಳ್ಳಗಿನ ಉಂಗುರ, ಆದರೆ ಅರ್ಧ ಮಾತ್ರ. ಮೆದುಳಿನ ಹೊರಪದರದ ಕಡೆಗೆ ಬಾಯಿ ತೆರೆದಿತ್ತು. ಪಕ್ಕದಲ್ಲಿದ್ದ ತಾಯಿ, “ಒಡೆದ ಬಳೆ ಇದ್ದ ಹಾಗಿದೆಯಲ್ಲ ಡಾಕ್ಟ್ರೇ, ಅಪಶಕುನ ಅಲ್ವಾ?” ಅಂದರು. “ಇಲ್ಲಮ್ಮ, ಇಲ್ಲಿ ಒಡೆದ ಬಳೆಯೇ ಒಳ್ಳೆ ಶಕುನ. ಇದು ಗಡ್ಡೆಯಲ್ಲ, ಮಯಲಿನ್ ಕಿತ್ತುಹೋದ ಚುಕ್ಕೆ ಇರಬಹುದು” ಅಂದೆ. ಮೂವತ್ತು ವರ್ಷ ಪಾಠ ಮಾಡಿದರೂ ನನಗೆ ಆ ಹೋಲಿಕೆ ಹೊಳೆದಿರಲಿಲ್ಲ!

ಹಿಂದೆ ಏನಾದರೂ ಆಗಿತ್ತಾ ಅಂದೆ. ಏನಿಲ್ಲ ಅಂದರು. ಮತ್ತೆ ಮತ್ತೆ ಕೇಳಿದಾಗ, ಹೋದ ವರ್ಷ ಒಂದು ಕಣ್ಣು ನೋವು ಬಂದು ಮಂಜಾಗಿತ್ತು, ತಾನಾಗಿ ಸರಿಹೋಯಿತು, ಕನ್ನಡಕದ ನಂಬರ್ ಇರಬೇಕು ಅಂತ ಸುಮ್ನೆ ಇದ್ದೆವು ಅಂದರು. ಕಣ್ಣಿನ ನರದ ಮಯಲಿನ್ ಕಿತ್ತರೂ ಹೀಗಾಗುತ್ತದೆ. ಇದನ್ನು ಯಾರೂ ಕೇಳಿರಲಿಲ್ಲ, ನೋಡಿ! ಬೆನ್ನುಹುರಿಯ ಸ್ಕ್ಯಾನ್, ಬೆನ್ನುನೀರಿನ ಪರೀಕ್ಷೆ ಮಾಡಿಸಿದೆವು. ಎರಡೂ ಎಂಎಸ್ ಕಡೆಗೇ ಬೆರಳು ತೋರಿಸಿದವು. 5 ದಿನ ಸ್ಟಿರಾಯ್ಡ್ ಡ್ರಿಪ್ ಹಾಕಿದೆವು. ಎರಡು ತಿಂಗಳಿಗೆ ಆ ಬಳೆ ಮಾಸಿತ್ತು, ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದರು.

ಅಯ್ಯೋ, ಇನ್ನು ಎರಡೇ ನಿಮಿಷವಂತೆ. ಬೇಗ ಹೇಳುತ್ತೇನೆ. ಕೆಟ್ಟ ಗಡ್ಡೆ ಅಕ್ಕಪಕ್ಕದ್ದನ್ನು ತಳ್ಳುತ್ತದೆ, ರಕ್ತ ಜಾಸ್ತಿ ಎಳೆದುಕೊಳ್ಳುತ್ತದೆ. ಮಯಲಿನ್ ಕಿತ್ತ ಚುಕ್ಕೆ ಗಾತ್ರಕ್ಕೆ ತಕ್ಕಷ್ಟು ತಳ್ಳುವುದಿಲ್ಲ, ರಕ್ತವನ್ನೂ ಅಷ್ಟು ಎಳೆಯುವುದಿಲ್ಲ. ಬಳೆ ಪೂರ್ತಿ ಇದ್ದರೆ ಗಡ್ಡೆ ಇರಬಹುದು, ನಮ್ಮಲ್ಲಿ ಟಿಬಿಯೂ ಇರಬಹುದು. ಇನ್ನೊಂದು, ಡಾಕ್ಟರು ಹೇಳುವ ಮೊದಲೇ ಸ್ಟಿರಾಯ್ಡ್ ತಗೋಬೇಡಿ. ಲಿಂಫೋಮಾ ಎಂಬ ಗಡ್ಡೆಯೂ ಅದಕ್ಕೆ ಕರಗುತ್ತದೆ, ಆಮೇಲೆ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು.

ಹಳೆಯ ಫಿಲ್ಮುಗಳನ್ನು ಬೀರುವಿನಿಂದ ತೆಗೆದುಕೊಂಡೇ ಬನ್ನಿ, ಬರೀ ರಿಪೋರ್ಟ್ ಸಾಲದು. ಬಳೆ ಕಾಣುವುದು ಫಿಲ್ಮಿನಲ್ಲಿ. ನಮಸ್ಕಾರ.